ಮನೆಯೋ, ಬಣವೆಯೋ?

ಕಳೆದ ತಿಂಗಳು ಇದೇ ಅಂಕಣದಲ್ಲಿ, ಮನೆಯಲ್ಲೇ ಕೂತು ನಕ್ಷೆ ಬಿಡಿಸುವ ಸ್ವಯಂಸೇವಕರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಭೂಕಂಪ, ನೆರೆ, ಸಾಂಕ್ರಾಮಿಕ ರೋಗ ಬಂದ ಕಡೆಯ ಮನೆ ಮತ್ತು ದಾರಿಗಳನ್ನು ಉಪಗ್ರಹ ಚಿತ್ರ ನೋಡಿಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುವ ಕೆಲಸ ಅದು. ಇದು ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ. ಬಿಡಿಸಬೇಕಾದ ಜಾಗವನ್ನು ಚೌಕಚೌಕವಾಗಿ ಹಂಚಿರುತ್ತಾರೆ, ಒಬ್ಬರು ಬಿಡಿಸಿದ ಚೌಕವನ್ನು ಇನ್ನೊಬ್ಬರು ಪರಿಶೀಲಿಸಿ ಪಾಸ್ ಮಾಡುತ್ತಾರೆ, ಇಲ್ಲವೇ ವಾಪಸ್ ಕಳಿಸುತ್ತಾರೆ. ನಾಲ್ಕು ಸಾಲಿಗೆ ಒಂದು ಚೀಲ ಪತ್ರ ಬಂದಿವೆ. ಹೆಚ್ಚಿನವು ಒಂದೇ ದಾರಿಗೆ ಬರುತ್ತವೆ: ಶುರು ಮಾಡಿದ್ದೇವೆ, ಆದರೆ ಸರಿಯಾಗಿ ಮಾಡುತ್ತಿದ್ದೇವಾ?

ಅಕ್ಕ, ನಮ್ಮ ಕಾಲೇಜಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಬಿಡಿಸುವ ಮ್ಯಾಪಥಾನ್ ಇತ್ತು. ಎರಡು ಗಂಟೆಯಲ್ಲಿ 180 ಮನೆ ಬಿಡಿಸಿದೆ, ಕ್ಲಾಸಿಗೆ ನಾನೇ ಫಸ್ಟ್. ಮೂರು ದಿನ ಬಿಟ್ಟು ನೋಡಿದರೆ ನನ್ನ ಎರಡೂ ಚೌಕ ‘ಇನ್ನೂ ಕೆಲಸ ಬೇಕು’ ಅಂತ ವಾಪಸ್ ಬಂದಿವೆ. ಏನು ತಪ್ಪಾಯಿತು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಫಸ್ಟ್ ಬಂದಿದ್ದೇ ತಪ್ಪಾಯಿತೇನೋ! ಲೆಕ್ಕ ಹಾಕಿ ನೋಡಿ, ಒಂದು ಮನೆಗೆ 40 ಸೆಕೆಂಡ್. ಹೊಸಬರ ಕೈಗೆ ಅದು ಜಾಸ್ತಿ ವೇಗ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಚೌಕವೂ ವಾಪಸ್ ಬಂದಿತ್ತು. ಮಲಾವಿಯ ಒಂದು ಹಳ್ಳಿ. ಪ್ರತಿ ಮನೆಯ ಪಕ್ಕ ಇದ್ದ ಪುಟ್ಟ ದುಂಡನೆ ಚುಕ್ಕಿಗಳನ್ನೆಲ್ಲ ಗುಡಿಸಲು ಅಂತ ಬಿಡಿಸಿಬಿಟ್ಟಿದ್ದೆ. ಪರಿಶೀಲಿಸಿದವರು ಒಂದೇ ಸಾಲು ಬರೆದಿದ್ದರು: ಇವು ಜೋಳ ತುಂಬುವ ಕಣಜ, ಅಗಲ ಅಳೆದು ನೋಡಿ. ಅಳೆದೆ. ಎರಡು ಮೀಟರ್ ಕೂಡ ಇಲ್ಲ. ಅದರೊಳಗೆ ಯಾರು ಮಲಗುತ್ತಾರೆ? ಕಣ, ಬಣವೆ, ಕಣಜ ನೋಡಿ ಬೆಳೆದವಳು ನಾನು, ಮೇಲಿಂದ ನೋಡಿದಾಗ ಮಾತ್ರ ಗುರುತು ಸಿಗಲಿಲ್ಲ.

ಒಂದು ಕಣಜ ಮನೆಯಾದರೆ ಏನಾಯಿತು ಅಂತೀರಾ? ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾದಂಥ ದೇಶಗಳಲ್ಲಿ ಮಲೇರಿಯಾ ತಡೆಯಲು ಮನೆಮನೆಗೆ ಹೋಗಿ ಒಳಗೋಡೆಗೆ ಔಷಧಿ ಸಿಂಪಡಿಸುತ್ತಾರೆ. ಎಷ್ಟು ಔಷಧಿ ಬೇಕು, ಎಷ್ಟು ಜನ ಬೇಕು, ಯಾವ ಊರಿಗೆ ಎಷ್ಟು ದಿನ ಎಂಬ ಲೆಕ್ಕವೆಲ್ಲ ಮನೆಗಳ ಎಣಿಕೆಯ ಮೇಲೆ ನಿಂತಿರುತ್ತದೆ. ಲಸಿಕೆಗೂ ಹಾಗೇ. ಮನೆ ಎಣಿಸಿ, ಮನೆಗೆ ಸರಾಸರಿ ಎಷ್ಟು ಜನ ಅಂತ ಗುಣಿಸಿ, ಇಷ್ಟು ಡೋಸ್ ಅಂತ ಪೆಟ್ಟಿಗೆ ಕಟ್ಟುತ್ತಾರೆ. ನಾನು ಇಲ್ಲದ ಮನೆ ಇಪ್ಪತ್ತು ಸೇರಿಸಿದರೆ ಆ ಪೆಟ್ಟಿಗೆ ತಪ್ಪು ಊರಿಗೆ ಹೋಗುತ್ತದೆ. ಖಾಲಿ ಜಾಗವನ್ನು ಕಂಡವರು ‘ಇಲ್ಲಿ ಇನ್ನೂ ಕೆಲಸ ಆಗಿಲ್ಲ’ ಅಂತ ತಿಳಿಯುತ್ತಾರೆ. ತಪ್ಪು ಮನೆಯನ್ನು ಮಾತ್ರ ಎಲ್ಲರೂ ನಂಬುತ್ತಾರೆ.

ನಿಮ್ಮ ಚೌಕಗಳನ್ನು ನಾನು ನೋಡಿಲ್ಲ, ಆದರೆ ಹೊಸಬರ ತಪ್ಪುಗಳು ಸುಮಾರಾಗಿ ಒಂದೇ ಥರ ಇರುತ್ತವೆ. ಮನೆಯನ್ನು ಚಾವಣಿಯ ಅಂಚಿನಿಂದ ಬಿಡಿಸಿ ಅಲ್ಲೇ ಬಿಡುವುದು ಒಂದು. ಉಪಗ್ರಹ ಓರೆಯಾಗಿ ನೋಡುತ್ತದೆ, ಹಾಗಾಗಿ ಎತ್ತರದ ಕಟ್ಟಡ ವಾಲಿದಂತೆ ಕಾಣುತ್ತದೆ. ಚಾವಣಿಯ ಆಕಾರ ಬಿಡಿಸಿಕೊಂಡು, ಅದನ್ನು ಎಳೆದು ಗೋಡೆ ನೆಲ ಮುಟ್ಟುವ ಜಾಗಕ್ಕೆ ಕೂರಿಸಬೇಕು. ನೆರಳನ್ನೂ ಸೇರಿಸಿ ಬಿಡಿಸುವವರಿದ್ದಾರೆ, ಆಗ ಮನೆ ಒಂದೂವರೆ ಪಟ್ಟು ಆಗುತ್ತದೆ. ಒಂದೇ ಅಂಗಳದ ನಾಲ್ಕು ಬಿಡಿ ಮನೆಗಳನ್ನು ಒಂದೇ ಗೆರೆಯೊಳಗೆ ಸುತ್ತಿಬಿಡುವುದು ಇನ್ನೂ ಮಾಮೂಲು. ಹಾಗೆ ಮಾಡಿದರೆ ನಾಲ್ಕು ಸಂಸಾರ ಒಂದಾಗಿಬಿಡುತ್ತದೆ, ಅಲ್ವಾ? ಮತ್ತೆ ಮೂಲೆಗಳು. ಗೋಡೆಗಳು 90 ಡಿಗ್ರಿಯಲ್ಲಿ ಇರುವ ಮನೆಯನ್ನು ಸೊಟ್ಟಗೆ ಬಿಡಿಸಿರುತ್ತಾರೆ. ನಕ್ಷೆ ಬಿಡಿಸಲು ಬಳಸುವ ಐಡಿ ಎಡಿಟರ್‌ನಲ್ಲಿ ಮನೆಯನ್ನು ಆಯ್ದು ‘ಕ್ಯೂ’ ಒತ್ತಿದರೆ ಮೂಲೆಗಳು ಚೌಕವಾಗುತ್ತವೆ, ದುಂಡು ಗುಡಿಸಲಾದರೆ ‘ಓ’ ಒತ್ತಿದರೆ ವೃತ್ತವಾಗುತ್ತದೆ. ಒಂದು ಕೀ ಒತ್ತುವ ಕೆಲಸ, ಆದರೆ ಮೊದಲ ದಿನ ಹತ್ತಕ್ಕೆ ಎಂಟು ಜನ ಮರೆಯುತ್ತಾರೆ, ನಾನೂ ಮರೆತಿದ್ದೆ.

ಇನ್ನೊಂದು, ಬಿಡಿಸುವಾಗ ಪೂರ್ತಿ ಜೂಮ್ ಮಾಡಿ, ನಡುನಡುವೆ ಹಿಂದಕ್ಕೆ ಬಂದು ಇಡೀ ಊರನ್ನು ನೋಡಿ. ಹತ್ತಿರದಿಂದ ಮನೆಯಂತೆ ಕಂಡಿದ್ದು ದೂರದಿಂದ ಬಂಡೆ ಅಂತ ಗೊತ್ತಾಗುತ್ತದೆ. ಮನೆಗೆ ದಾರಿ ಬರುತ್ತದೆ, ಬಂಡೆಗೆ ಬರುವುದಿಲ್ಲ. ಟಚ್‌ಪ್ಯಾಡ್ ಬಿಟ್ಟು ಮೌಸ್ ಹಿಡಿಯಿರಿ. ವಾಪಸ್ ಬಂದ ಚೌಕವನ್ನು ನೀವೇ ಮತ್ತೆ ತೆಗೆದುಕೊಂಡು ಸರಿ ಮಾಡಿ, ಬೇರೆಯವರಿಗೆ ಬಿಡಬೇಡಿ.

ಮೇಡಂ, 34 ವರ್ಷ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಸರಪಳಿ ಹಿಡಿದು, ಕಲ್ಲು ಹುಡುಕಿ, ಬಿಸಿಲಲ್ಲಿ ನಡೆದು ಅಳತೆ ಮಾಡಿದ್ದೇವೆ. ಆ ನೆಲದ ಮೇಲೆ ಕಾಲೇ ಇಡದ ಹುಡುಗರು ಬೆಂಗಳೂರಲ್ಲಿ ಕೂತು ಬಿಡಿಸಿದ್ದನ್ನು ನಕ್ಷೆ ಅನ್ನಬಹುದಾ?
— ನಿವೃತ್ತ ಭೂಮಾಪಕರು, ಶಿವಮೊಗ್ಗ

ಸರ್, ನಿಮ್ಮ ಸಿಟ್ಟು ನ್ಯಾಯವೇ. ಗ್ರಾಮ ನಕಾಶೆಯ ಹಾಗೆ ಇದನ್ನು ಇಟ್ಟುಕೊಂಡು ಪೋಡಿ ಮಾಡಲು ಹೋದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಇದು ಗಡಿ ಗುರುತಿಸುವ ನಕ್ಷೆ ಅಲ್ಲ. ಗಾಡಿ ಈ ಊರಿಗೆ ಹೋಗುತ್ತದಾ, ಊರಲ್ಲಿ ಸುಮಾರು ಎಷ್ಟು ಮನೆ, ನಡುವೆ ಹೊಳೆ ಇದೆಯಾ ಎಂಬಷ್ಟಕ್ಕೆ ಉತ್ತರ ಕೊಟ್ಟರೆ ಸಾಕು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಬೀದಿಗಳೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆಚ್ಚು ಇರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕೂತ ನೂರಾರು ಜನ ಉಪಗ್ರಹ ಚಿತ್ರದಿಂದ ಬಿಡಿಸಿದರು, ರಕ್ಷಣಾ ತಂಡದವರು ಅದನ್ನು ಜಿಪಿಎಸ್ ಉಪಕರಣಕ್ಕೆ ಹಾಕಿಕೊಂಡು ಓಡಾಡಿದರು. ಅದೇ ವರ್ಷ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್, ಚಿಕ್ಕದಾಗಿ ಹಾಟ್, ಸಂಸ್ಥೆಯಾಯಿತು. 2014ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಬಂದಾಗಲೂ ಗೆಕೆಡು ಊರಿನ ಸುತ್ತಮುತ್ತ ಇದೇ ಕೆಲಸ ಆಯಿತು. ರೋಗಿ ತನ್ನ ಹಳ್ಳಿಯ ಹೆಸರು ಹೇಳುತ್ತಾನೆ, ಡಾಕ್ಟರ ಕೈಯಲ್ಲಿರುವ ನಕ್ಷೆಯಲ್ಲಿ ಆ ಹಳ್ಳಿಯೇ ಇಲ್ಲ ಅಂದರೆ ಅವನ ಜೊತೆ ಇದ್ದವರನ್ನು ಎಲ್ಲಿ ಹುಡುಕುವುದು? ಆ ವರ್ಷದ ಕೊನೆಯಲ್ಲಿ ಹಾಟ್, ವೈದ್ಯಕೀಯ ನೆರವಿನ ಸಂಸ್ಥೆ ಎಂಎಸ್‌ಎಫ್, ಅಮೆರಿಕ ಮತ್ತು ಬ್ರಿಟನ್‌ನ ರೆಡ್ ಕ್ರಾಸ್ ಸೇರಿ ‘ಮಿಸ್ಸಿಂಗ್ ಮ್ಯಾಪ್ಸ್’ ಶುರು ಮಾಡಿದವು. ಅನಾಹುತ ಆದಮೇಲೆ ಓಡುವ ಬದಲು ಮೊದಲೇ ಬಿಡಿಸಿಟ್ಟುಕೊಳ್ಳೋಣ ಅಂತ.

ನಿಮ್ಮಂಥವರ ಕಣ್ಣು ಬೇಕಾಗಿರುವುದು ಒಂದು ಕಡೆ ಇದೆ. ಚಿತ್ರವೇ ಜಾಗ ತಪ್ಪಿ ಕೂತಿರುತ್ತದೆ, ನೇಪಾಳದಂಥ ಗುಡ್ಡದ ಸೀಮೆಯಲ್ಲಂತೂ ಒಂದು ಕಂಪನಿಯ ಚಿತ್ರಕ್ಕೂ ಇನ್ನೊಂದರದ್ದಕ್ಕೂ ಎಷ್ಟೋ ಮೀಟರ್ ವ್ಯತ್ಯಾಸ. ಹೊಸಬರು ಏನು ಮಾಡುತ್ತಾರೆ ಅಂದರೆ, ಮೊದಲೇ ಇದ್ದ ಮನೆಗಳೆಲ್ಲ ಸರಿದಿವೆ ಅಂತ ಒಂದೊಂದನ್ನೇ ಎಳೆದು ಚಿತ್ರಕ್ಕೆ ಹೊಂದಿಸುತ್ತಾರೆ. ಊರಿಗೆ ಊರೇ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಂತೆ ಕಂಡರೆ ಸರಿದಿರುವುದು ಊರಲ್ಲ, ಚಿತ್ರ. ಆಗ ಹಿನ್ನೆಲೆಯ ಚಿತ್ರವನ್ನು ಹೊಂದಿಸಿಕೊಳ್ಳಬೇಕು, ಊರನ್ನು ಮುಟ್ಟಬಾರದು. ಯಾವ ಚಿತ್ರ ಬಳಸಬೇಕು ಅಂತ ಯೋಜನೆಯ ಸೂಚನೆಯಲ್ಲೇ ಬರೆದಿರುತ್ತಾರೆ, ಅದನ್ನು ಓದದೆ ಶುರು ಮಾಡುವವರೇ ಜಾಸ್ತಿ. ಕಲ್ಲು ಸರಿದಿದೆಯೋ ಅಳತೆ ತಪ್ಪಿದೆಯೋ ಅಂತ ನೀವು ಎಷ್ಟು ಸಲ ತಲೆ ಕೆಡಿಸಿಕೊಂಡಿರಬೇಡ ಸರ್! ಪರಿಶೀಲನೆ ಮಾಡುವವರಿಗೆ ಬೇಕಾದದ್ದು ಅದೇ ಗುಮಾನಿ. ದಯವಿಟ್ಟು ಸೇರಿಕೊಳ್ಳಿ.

ನಮ್ಮ ಪದವಿ ಕಾಲೇಜಿನ ಎನ್‌ಎಸ್‌ಎಸ್ ಘಟಕದಿಂದ 60 ಮಕ್ಕಳಿಗೆ ಒಂದು ಮಧ್ಯಾಹ್ನ ಮ್ಯಾಪಿಂಗ್ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
— ಎನ್‌ಎಸ್‌ಎಸ್ ಅಧಿಕಾರಿ, ತುಮಕೂರು

ಮೊದಲ ಮಾತು, 60 ಬೇಡ. ನಿಮ್ಮ ಜೊತೆ ಕೆಲಸ ಗೊತ್ತಿರುವವರು ಇಬ್ಬರಿದ್ದರೆ 20 ಮಕ್ಕಳು ಸಾಕು, ಹತ್ತು ಜನಕ್ಕೆ ಒಬ್ಬರು ಬೆನ್ನ ಹಿಂದೆ ಓಡಾಡುತ್ತಿರಬೇಕು. 60 ಮಕ್ಕಳನ್ನು ಕೂರಿಸಿ ಪ್ರೊಜೆಕ್ಟರ್‌ನಲ್ಲಿ ತೋರಿಸಿ ಬಿಟ್ಟುಬಿಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಆ ತಪ್ಪುಗಳನ್ನು ತಿದ್ದಲು ಇನ್ಯಾರೋ ಎರಡು ವಾರ ಕೂರಬೇಕಾಗುತ್ತದೆ. ಒಂದು ಸಲ ಒಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು, ಹೆಸರು ಬೇಡ. ಸಂಜೆ ‘ಸಾವಿರ ಮನೆ!’ ಅಂತ ಚಪ್ಪಾಳೆ ಹೊಡೆದರು. ಅದರಲ್ಲಿ ಎಷ್ಟೋ ಮನೆ ಎರಡೆರಡು ಸಲ ಇದ್ದವು, ಒಂದರ ಮೇಲೊಂದು.

ಖಾತೆಗಳನ್ನು ಮಕ್ಕಳು ಹಿಂದಿನ ದಿನವೇ ಅವರವರ ಮನೆಯಿಂದ ತೆರೆದುಕೊಂಡು ಬರಲಿ. ಕಾಲೇಜಿನ ಒಂದೇ ವೈಫೈಯಿಂದ ಒಂದೇ ಹೊತ್ತಿಗೆ ಹತ್ತಾರು ಖಾತೆ ತೆರೆಯಲು ಹೋದರೆ ತಡೆ ಬೀಳುವುದುಂಟು, ಮೊದಲ ಗಂಟೆ ಅಲ್ಲೇ ಕಳೆಯುತ್ತದೆ. ಹಾಟ್‌ನ ಕೆಲಸವನ್ನು ಚೌಕಚೌಕವಾಗಿ ಹಂಚುವ ವೆಬ್‌ಸೈಟ್ ಟಾಸ್ಕಿಂಗ್ ಮ್ಯಾನೇಜರ್‌ನಲ್ಲಿ ಹೊಸಬರಿಗೆ ತಕ್ಕ ಯೋಜನೆ ಆರಿಸಿ, ಕಟ್ಟಡ ಮಾತ್ರ ಇರುವಂಥದ್ದು, ಚಿತ್ರ ನಿಚ್ಚಳವಾಗಿ ಇರುವಂಥದ್ದು. ಅನಾಹುತ ಈಗಷ್ಟೇ ಆಗಿರುವ ಕಡೆಗೆ ಮೊದಲ ದಿನವೇ ಮಕ್ಕಳನ್ನು ಬಿಡಬೇಡಿ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದ ಹೊತ್ತಿಗೆ ಅಲ್ಲಿನದೇ ಸಂಸ್ಥೆಯಾದ ಕಠ್ಮಂಡು ಲಿವಿಂಗ್ ಲ್ಯಾಬ್ಸ್‌ನವರು ಅಲ್ಲೇ ಇದ್ದು ದಾರಿ ತೋರಿಸಿದರು, ಪ್ರಪಂಚದೆಲ್ಲೆಡೆಯಿಂದ ಸಾವಿರಾರು ಜನ ಬಿಡಿಸಿದರು. ಅಲ್ಲಿನ ಗುಡ್ಡದ ಗದ್ದೆಗಳ ಚಿತ್ರವನ್ನು ಒಮ್ಮೆ ತೆರೆದು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಯ ಬದು ಥೇಟ್ ಕಾಲುದಾರಿಯ ಹಾಗೇ ಕಾಣುತ್ತದೆ. ಅಂಥ ಕಡೆ ಬೇಗಬೇಗ ಎಳೆದ ಒಂದು ಗೆರೆಯನ್ನು ನಂಬಿ ಯಾರಾದರೂ ಅಕ್ಕಿಮೂಟೆ ಹೊತ್ತು ಹತ್ತಿದರೆ ದಾರಿಯೇ ಇರುವುದಿಲ್ಲ.

ಆ ದಿನದ ಕ್ರಮ ಹೀಗಿರಲಿ. ಒಬ್ಬರಿಗೆ ಒಂದು ಚೌಕ. ಚೌಕ ತೆಗೆದುಕೊಂಡರೆ ಎರಡು ಗಂಟೆ ಅವರ ಹೆಸರಲ್ಲಿ ಬೀಗ ಬಿದ್ದಿರುತ್ತದೆ, ಬೇರೆಯವರು ಅಲ್ಲಿ ಕೈ ಹಾಕುವುದಿಲ್ಲ. ದೊಡ್ಡದಾದರೆ ಚೌಕವನ್ನು ಒಡೆದುಕೊಳ್ಳಬಹುದು. ಮೊದಲ ಐದು ಮನೆ ಆದ ತಕ್ಷಣ ಎಲ್ಲರೂ ಕೈ ನಿಲ್ಲಿಸಲಿ, ನೀವು ಒಂದು ಸುತ್ತು ಬಂದು ನೋಡಿ. ಐದರಲ್ಲಿ ತಿದ್ದಿದ್ದು ಐವತ್ತರಲ್ಲಿ ಉಳಿಯುತ್ತದೆ. ಹತ್ತಿಪ್ಪತ್ತು ಮನೆಗೊಮ್ಮೆ ಸೇವ್ ಮಾಡಲು ಹೇಳಿ, ಕರೆಂಟ್ ಹೋಗುವುದು ಯಾವಾಗ ಅಂತ ತುಮಕೂರಲ್ಲಿ ನಿಮಗೆ ನಾನು ಹೇಳಬೇಕಾ! ಪೂರ್ತಿ ಆಗದಿದ್ದರೆ ‘ಪೂರ್ತಿ ಆಗಿಲ್ಲ’ ಅಂತಲೇ ಗುರುತಿಸಿ, ಎಲ್ಲಿ ನಿಲ್ಲಿಸಿದೆ ಅಂತ ಒಂದು ಸಾಲು ಬರೆದು ಬಿಡಬೇಕು. ಮಕ್ಕಳಿಗೆ ಇದು ಸೋತಂತೆ ಅನಿಸುತ್ತದೆ. ಅರ್ಧ ಆಗಿರುವುದನ್ನು ಆಯಿತು ಅನ್ನುವುದೇ ದೊಡ್ಡ ತೊಂದರೆ ಅಂತ ಮೊದಲೇ ಹೇಳಿಡಿ.

ದಾರಿ ಬಿಡಿಸುವ ಕೆಲಸವನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಎರಡು ರಸ್ತೆ ಕೂಡುವ ಕಡೆ ಎರಡಕ್ಕೂ ಒಂದೇ ಚುಕ್ಕಿ ಇರಬೇಕು. ಪರದೆಯ ಮೇಲೆ ಕೂಡಿದಂತೆ ಕಂಡರೂ ಚುಕ್ಕಿ ಬೇರೆಯಾದರೆ ದಾರಿ ಹುಡುಕುವ ಸಾಫ್ಟ್‌ವೇರ್ ಅಲ್ಲಿ ರಸ್ತೆ ಮುಗಿಯಿತು ಅಂದುಕೊಳ್ಳುತ್ತದೆ, ಆಂಬುಲೆನ್ಸ್‌ಗೆ ಸುತ್ತುದಾರಿ ತೋರಿಸುತ್ತದೆ. ಮನೆಯ ಮೂಲೆ ರಸ್ತೆಗೆ ಅಂಟಿಕೊಂಡಿದೆಯಾ ಅಂತಲೂ ನೋಡಿ, ಅದೂ ಆಗುತ್ತಿರುತ್ತದೆ.

ಬಹುಮಾನ ಕೊಡಲೇಬೇಕು ಅಂದರೆ ಜಾಸ್ತಿ ಮನೆಗೆ ಕೊಡಬೇಡಿ. ಒಂದೂ ತಿದ್ದುಪಡಿ ಇಲ್ಲದೆ ಪಾಸಾದ ಚೌಕಕ್ಕೆ ಕೊಡಿ, ವಾರ ಬಿಟ್ಟು.

ಊರಿನ ಹೆಸರುಗಳನ್ನು ಗೂಗಲ್ ಮ್ಯಾಪ್ ನೋಡಿ ಹಾಕಿದರೆ ತಪ್ಪಾ? ಎಲ್ಲರಿಗೂ ಕಾಣುವಂಥದ್ದೇ ತಾನೆ?
— ಓದುಗರು, ದಾವಣಗೆರೆ

ತಪ್ಪು. ಕಾಣುವುದು ಬೇರೆ, ನಕಲು ಮಾಡುವ ಹಕ್ಕು ಬೇರೆ. ಅಲ್ಲಿಂದ ತಂದಿದ್ದು ಗೊತ್ತಾದರೆ ನಿಮ್ಮ ಕೆಲಸವನ್ನೇ ಅಳಿಸಬೇಕಾಗುತ್ತದೆ. ದೂರದಲ್ಲಿರುವ ನಾವು ಹೆಸರು ಹಾಕುವ ಗೋಜಿಗೆ ಹೋಗುವುದೇ ಬೇಡ, ಅದು ಆ ಊರಿನವರ ಕೆಲಸ. ನಿಮಗೆ ಹೆಸರು ಹಾಕುವ ಆಸೆ ಇದ್ದರೆ ನಿಮ್ಮ ಸ್ವಂತ ಊರಿಗೆ ಹೋಗಿ. ಕೆರೆ, ದೇವಸ್ಥಾನ, ಅಂಗನವಾಡಿ, ನಡೆದು ನೋಡಿ ಹಾಕಿ. ಕನ್ನಡ ಹೆಸರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೇರೆ ಖಾನೆಯೇ ಇದೆ, ಎಷ್ಟೋ ಹಳ್ಳಿಗಳಿಗೆ ಅದು ಖಾಲಿ ಬಿದ್ದಿದೆ.

ಎಐ ಒಂದು ರಾತ್ರಿಯಲ್ಲಿ ಕೋಟಿ ಮನೆ ಗುರುತಿಸುತ್ತದೆ. ಇನ್ನೂ ಕೈಯಲ್ಲಿ ಬಿಡಿಸುವುದು ಸುಮ್ನೆ ಟೈಂಪಾಸ್ ಅಲ್ವಾ?
— ಡಬ್ಲಿನ್‌ನಲ್ಲಿರುವ ಸಾಫ್ಟ್‌ವೇರ್ ಕನ್ನಡಿಗ

ಮೈಕ್ರೋಸಾಫ್ಟ್, ಗೂಗಲ್ ಎರಡೂ ಯಂತ್ರದಿಂದ ಗುರುತಿಸಿದ ಮನೆಗಳ ದೊಡ್ಡ ರಾಶಿಯನ್ನೇ ಬಿಟ್ಟಿವೆ, ಬಳಸಲು ಅನುಮತಿಯೂ ಇದೆ. ರ‍್ಯಾಪಿಡ್ ಎಂಬ ಎಡಿಟರ್‌ನಲ್ಲಿ ಅಂಥ ಮನೆಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ, ನೀವು ಒಂದೊಂದನ್ನೇ ನೋಡಿ ಒಪ್ಪಬೇಕು ಅಥವಾ ಬಿಡಬೇಕು. ಪಟ್ಟಣದ ಬಿಡಿ ಬಿಡಿ ಮನೆಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಣ್ಣಿನ ಬಣ್ಣದ್ದೇ ಹುಲ್ಲುಚಾವಣಿ, ಗೋಡೆಗೆ ಗೋಡೆ ಅಂಟಿದ ಕೊಳೆಗೇರಿ ಬಂದಾಗ ಅದೂ ನನ್ನ ಹಾಗೇ ಕಣಜವನ್ನು ಮನೆ ಅನ್ನುತ್ತದೆ. ಕಣ್ಣುಮುಚ್ಚಿ ಒಪ್ಪುತ್ತಾ ಹೋಗುವ ಹೊಸಬರು ಕೈಯಲ್ಲಿ ಬಿಡಿಸುವ ಹೊಸಬರಿಗಿಂತ ಜಾಸ್ತಿ ಕೆಡಿಸುತ್ತಾರೆ ಅಂತ ನನ್ನ ಅಭಿಪ್ರಾಯ. ಮೊದಲು ನೂರು ಮನೆ ಕೈಯಲ್ಲೇ ಬಿಡಿಸಿ, ಆಮೇಲೆ ಯಂತ್ರ ಹಿಡಿಯಿರಿ.

ಹೊಸಬರ ಚೌಕ ಪರಿಶೀಲಿಸುವ ಕೆಲಸ ಸಿಕ್ಕಿದೆ. ತಪ್ಪು ಹೇಳಿದರೆ ಮತ್ತೆ ಬರುವುದೇ ಇಲ್ಲ, ಹೇಳದಿದ್ದರೆ ಕಲಿಯುವುದಿಲ್ಲ. ಏನು ಮಾಡಲಿ?
— ಶಾಲಾ ಶಿಕ್ಷಕಿ, ಉಡುಪಿ

ಟೀಚರಿಗೆ ನಾನು ಹೇಳಿಕೊಡುವುದಾ! ಎಲ್ಲ ತಪ್ಪನ್ನೂ ಒಟ್ಟಿಗೆ ಹೇಳಬೇಡಿ. ಜಾಸ್ತಿ ಸಲ ಆಗಿರುವ ಒಂದನ್ನು ಮಾತ್ರ ಆರಿಸಿ, ಯಾವ ಮನೆ ಅಂತ ತೋರಿಸಿ, ಹೇಗೆ ಸರಿ ಮಾಡುವುದು ಅಂತ ಬರೆಯಿರಿ. ಉಳಿದ ಚಿಕ್ಕಪುಟ್ಟದ್ದನ್ನು ನೀವೇ ತಿದ್ದಿ ಪಾಸ್ ಮಾಡಿ. ‘ತಪ್ಪಾಗಿದೆ, ಸೂಚನೆ ಓದಿ’ ಅಂತ ಬರೆದರೆ ನಾನೂ ಮತ್ತೆ ಬರುತ್ತಿರಲಿಲ್ಲ. ‘ಅಗಲ ಅಳೆದು ನೋಡಿ’ ಅಂದಿದ್ದಕ್ಕೆ ಬಂದೆ. ಮತ್ತೆ, ಬೇಗ ಹೇಳಿ. ತಿಂಗಳು ಬಿಟ್ಟು ಹೇಳಿದರೆ ಅವರಿಗೆ ಯಾವ ಊರು ಅಂತಲೇ ನೆನಪಿರುವುದಿಲ್ಲ.

ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ. ಮಧ್ಯಾಹ್ನ ಒಂದರ್ಧ ಗಂಟೆ ಬಿಡುವು ಸಿಗುತ್ತದೆ. ನಾನೇನಾದರೂ ಮಾಡಬಹುದಾ?
— ಗೃಹಿಣಿ, ಕುಂದಾಪುರ

ಖಂಡಿತ. ಮ್ಯಾಪ್‌ಸ್ವೈಪ್ ಅಂತ ಒಂದು ಆ್ಯಪ್ ಇದೆ. ಉಪಗ್ರಹ ಚಿತ್ರದ ತುಂಡುಗಳು ಬರುತ್ತವೆ. ಮನೆ ಕಂಡರೆ ಒಂದು ಸಲ ಮುಟ್ಟಿ, ಅನುಮಾನ ಇದ್ದರೆ ಎರಡು ಸಲ, ಮೋಡ ಮುಚ್ಚಿದ್ದರೆ ಮೂರು ಸಲ, ಏನೂ ಇಲ್ಲದಿದ್ದರೆ ಸರಿಸಿಬಿಡಿ. ಕಾಡು, ಬಯಲು ಬಿಟ್ಟು ಜನ ಇರುವ ಕಡೆ ಮಾತ್ರ ಉಳಿದವರು ಬಿಡಿಸಲು ಇದರಿಂದ ಅನುಕೂಲ. ಒಂದೇ ತುಂಡನ್ನು ಹಲವರಿಗೆ ತೋರಿಸುತ್ತಾರೆ, ನಿಮ್ಮೊಬ್ಬರ ತಪ್ಪಿನಿಂದ ಏನೂ ಕೆಡುವುದಿಲ್ಲ. ಅನುಮಾನ ಬಂದಾಗ ಧೈರ್ಯವಾಗಿ ಎರಡು ಸಲ ಮುಟ್ಟಿ.