ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಹುಡುಗರ ಬೌಲ್ ಪಂದ್ಯ ಯಾರದು, ಯಾಕೆ?

ಹೊಸ ವರ್ಷ ಹತ್ತಿರ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಗನೋ ಮಗಳೋ ಅಲ್ಲಿ ಓದುತ್ತಿರುವ ಮನೆ ಈಗ ಓಣಿಗೊಂದು ಇದೆ, ಅಲ್ವಾ? ಗದಗ, ಹಾವೇರಿಯಿಂದಲೂ ಪತ್ರ ಬಂದಿವೆ. ಈ ಸಲ ಅವಕ್ಕೇ ಪೂರ್ತಿ ಜಾಗ.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ "ಅವ್ವಾ, ನಮ್ಮ ಕಾಲೇಜಿಗೆ ಬೌಲ್ ಸಿಕ್ತು" ಅಂತ ಕುಣಿದಾಡಿದ. ಕಪ್ ಗೆದ್ದರೇನು ಅಂತ ಕೇಳಿದರೆ, ಇಲ್ಲ, ಇನ್ನೂ ಆಡಬೇಕು ಅಂದ. ಆಡುವ ಮೊದಲೇ ಇವರಿಗೆ ಸಿಕ್ಕಿದ್ದಾದರೂ ಏನು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸಿಕ್ಕಿದ್ದು ಕರೆ, ಅವ್ವಾ. ನಮ್ಮೂರಿಗೆ ಬಂದು ಒಂದು ಪಂದ್ಯ ಆಡಿ ಅನ್ನುವ ಕರೆ. ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕಂಕುಳಲ್ಲಿ ಒತ್ತಿ ಹಿಡಿದು, ಅಡ್ಡ ಬರುವ 11 ಜನರನ್ನು ತಪ್ಪಿಸಿಕೊಂಡು 100 ಗಜದ ಮೈದಾನದ ಆಚೆ ತುದಿ ಮುಟ್ಟುವ ಆಟ ಅದು. ದೊಡ್ಡ ಕಾಲೇಜುಗಳ ತಂಡಗಳು ಆಗಸ್ಟ್ ಕೊನೆಯಿಂದ ನವೆಂಬರ್ ಮುಗಿಯುವ ತನಕ ಸಾಮಾನ್ಯವಾಗಿ 12 ಪಂದ್ಯ ಆಡುತ್ತವೆ. ಅದರಲ್ಲಿ 6 ಗೆದ್ದರೆ ಬೌಲ್‌ಗೆ ಅರ್ಹತೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳ ತನಕ ಬೇರೆ ಬೇರೆ ಊರುಗಳಲ್ಲಿ ಇಂಥ ಸುಮಾರು 40 ಪಂದ್ಯ ನಡೆಯುತ್ತವೆ.

ಇದು ಫೈನಲ್ ಅಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಕುಸ್ತಿ ಇಡುತ್ತಾರಲ್ಲ, ಹಾಗೆ. ಯಾವ ಪೈಲ್ವಾನರ ಜೋಡಿ ಅಖಾಡಕ್ಕೆ ಇಳಿಯಬೇಕು ಅಂತ ಊರಿನ ಕಮಿಟಿ ಯೋಚಿಸುತ್ತದೆ, ಕರೆಸುತ್ತದೆ, ಉಪಚರಿಸುತ್ತದೆ. ಗೆದ್ದವನು ಆ ಜಾತ್ರೆಯ ಕುಸ್ತಿ ಗೆದ್ದ ಹಾಗೆ, ರಾಜ್ಯದ ಚಾಂಪಿಯನ್ ಆಗುವುದಿಲ್ಲ. ಬೌಲ್ ಕೂಡ ಊರಿನ ಹಬ್ಬ. ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ನಿಮ್ಮ ಮಗನ ಸಂತೋಷದಲ್ಲಿ ಅರ್ಥ ಇದೆ. ಅವರ ತಂಡ ಅರ್ಧ ಸೀಸನ್ನಾದರೂ ಗೆದ್ದಿರಬೇಕು.

ಪ್ರಶ್ನೆ: ನಾನು ನಿವೃತ್ತ ಪಿ.ಇ. ಮಾಸ್ತರ. ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಹುಡುಗರನ್ನು ಕರೆದುಕೊಂಡು ಓಡಾಡಿದವನು. ನಮ್ಮಲ್ಲಿ ವಲಯ ಗೆದ್ದರೆ ಮುಂದಿನ ಸುತ್ತು, ಅಷ್ಟೇ. ಕರೆ ಕೊಟ್ಟು ಆಡಿಸುವ ಈ ಪದ್ಧತಿ ಎಲ್ಲಿ ಹುಟ್ಟಿತು? (ಸಪ್ತಾಪುರ, ಧಾರವಾಡ)

ಉತ್ತರ: ಹುಟ್ಟಿದ್ದು ಹೂವಿನ ಮೆರವಣಿಗೆಯಲ್ಲಿ, ಸರ್.

ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಪಕ್ಕ ಪಾಸಡೇನಾ ಅಂತ ಊರು. ಪೂರ್ವದ ಚಳಿ ಸೀಮೆಯಿಂದ ಬಂದು ನೆಲೆಸಿದವರು ಅಲ್ಲಿ ವ್ಯಾಲಿ ಹಂಟ್ ಕ್ಲಬ್ ಕಟ್ಟಿಕೊಂಡಿದ್ದರು. ನ್ಯೂಯಾರ್ಕ್ ಹಿಮದಲ್ಲಿ ಹೂತುಹೋಗಿರುವ ಹೊತ್ತಿಗೆ ನಮ್ಮಲ್ಲಿ ಗುಲಾಬಿ ಅರಳುತ್ತದೆ, ಇದನ್ನು ದೇಶಕ್ಕೆ ತೋರಿಸಬೇಕು ಅಂತ 1890ರ ಜನವರಿ 1ರಂದು ಸಾರೋಟುಗಳಿಗೆ ಹೂ ಕಟ್ಟಿ ಮೆರವಣಿಗೆ ತೆಗೆದರು. ಹಬ್ಬ ಬೆಳೆಯಿತು. ಕ್ಲಬ್‌ನ ಕೈಗೆ ನಿಲುಕದಾಯಿತು. 1895ರಲ್ಲಿ ಅದಕ್ಕಾಗಿಯೇ ಟೂರ್ನಮೆಂಟ್ ಆಫ್ ರೋಸಸ್ ಅನ್ನುವ ಸಂಘ ಮಾಡಿದರು.

ಮೆರವಣಿಗೆ ಮುಗಿದ ಮೇಲೆ ಜನರನ್ನು ಹಿಡಿದು ನಿಲ್ಲಿಸಲು, ನಾಲ್ಕು ದುಡ್ಡು ಹುಟ್ಟಿಸಲು 1902ರಲ್ಲಿ ಫುಟ್‌ಬಾಲ್ ಇಟ್ಟರು. ಪೂರ್ವದ ಕಡೆಯಿಂದ ಮಿಷಿಗನ್, ಪಶ್ಚಿಮದಿಂದ ಸ್ಟ್ಯಾನ್‌ಫರ್ಡ್. ಆ ಸೀಸನ್ನಿನಲ್ಲಿ ಮಿಷಿಗನ್ ಎದುರು ಒಂದೇ ಒಂದು ಅಂಕ ಗಳಿಸಲೂ ಯಾರಿಗೂ ಆಗಿರಲಿಲ್ಲ. ಇಲ್ಲೂ ಹಾಗೇ ಆಯಿತು. ಸ್ಕೋರು 49-0 ಆದಾಗ, ಇನ್ನೂ ಸಮಯ ಉಳಿದಿರುವಾಗಲೇ, ಸ್ಟ್ಯಾನ್‌ಫರ್ಡ್ ಸಾಕು ಅಂತ ಆಟ ಬಿಟ್ಟಿತು. ಸಂಘದವರಿಗೆ ಎಷ್ಟು ಬೇಜಾರಾಯಿತೆಂದರೆ ಮುಂದಿನ ವರ್ಷದಿಂದ ಫುಟ್‌ಬಾಲನ್ನೇ ಕೈಬಿಟ್ಟರು. ಅದರ ಬದಲು ರೋಮನ್ನರ ಹಾಗೆ ಕುದುರೆ ರಥದ ಓಟ, ಉಷ್ಟ್ರಪಕ್ಷಿಗಳ ಓಟ, ಒಂದು ವರ್ಷವಂತೂ ಒಂಟೆಗೂ ಆನೆಗೂ ಪಂದ್ಯ. ಆನೆ ಗೆದ್ದಿತು.

ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ವಾಷಿಂಗ್ಟನ್ ಸ್ಟೇಟ್ ತಂಡ ಬ್ರೌನ್ ತಂಡವನ್ನು 14-0ಯಿಂದ ಸೋಲಿಸಿತು. ಅಲ್ಲಿಂದ ಈ ಪಂದ್ಯ ಒಂದು ವರ್ಷವೂ ತಪ್ಪಿಲ್ಲ. ಜನ ಹೆಚ್ಚಾದರು, ಹಳೆಯ ಪಾರ್ಕು ಸಾಲದಾಯಿತು. ಆಗ ಮೈರನ್ ಹಂಟ್ ಅನ್ನುವ ವಾಸ್ತುಶಿಲ್ಪಿ, ಯೇಲ್ ವಿಶ್ವವಿದ್ಯಾಲಯದ ಬಟ್ಟಲಿನಾಕಾರದ ಮೈದಾನ ಯೇಲ್ ಬೌಲ್‌ನ ಮಾದರಿ ನೋಡಿ ಹೊಸ ಸ್ಟೇಡಿಯಂನ ನಕ್ಷೆ ಹಾಕಿದರು. 1922ರಲ್ಲಿ ಅದು ಸಿದ್ಧವಾಯಿತು. ಹೆಸರು ರೋಸ್ ಬೌಲ್. 1923ರ ಮೊದಲ ದಿನ ಅಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಪೆನ್ ಸ್ಟೇಟನ್ನು 14-3ರಿಂದ ಸೋಲಿಸಿತು. ಪೆನ್ ಸ್ಟೇಟ್ ಹುಡುಗರು ಗಾಡಿಗಳ ಸಂದಣಿಯಲ್ಲಿ ಸಿಕ್ಕಿಕೊಂಡು ತಡವಾಗಿ ಬಂದು, ಎರಡೂ ಕಡೆಯ ಕೋಚ್‌ಗಳು ಜಗಳಕ್ಕೆ ನಿಂತಿದ್ದರಂತೆ!

ಮೈದಾನದ ಹೆಸರೇ ಪಂದ್ಯಕ್ಕೆ ಬಂತು. ಆಮೇಲೆ ಬಿಸಿಲಿರುವ ಬೇರೆ ಊರುಗಳೂ ಕಣ್ಣು ಬಿಟ್ಟವು. 1930ರ ದಶಕದಲ್ಲಿ, ದೇಶ ಆರ್ಥಿಕವಾಗಿ ನೆಲ ಕಚ್ಚಿದ್ದ ಹೊತ್ತಿನಲ್ಲೇ, ಚಳಿಗಾಲದ ಪ್ರವಾಸಿಗರನ್ನು ಸೆಳೆಯಲು ಮಯಾಮಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್ ಶುಗರ್ ಬೌಲ್, ಎಲ್ ಪಾಸೋ ಸನ್ ಬೌಲ್, ಡಲ್ಲಾಸ್ ಕಾಟನ್ ಬೌಲ್ ಶುರು ಮಾಡಿದವು. ಹೆಸರುಗಳನ್ನೇ ನೋಡಿ ಸರ್, ಕಿತ್ತಳೆ, ಸಕ್ಕರೆ, ಬಿಸಿಲು, ಹತ್ತಿ. ಆಯಾ ಸೀಮೆ ತನ್ನ ಹೆಮ್ಮೆಯ ಸರಕನ್ನು ಮುಂದಿಟ್ಟಿತು.

ಪ್ರಶ್ನೆ: 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನಡೆದದ್ದು ಇದೇ ರೋಸ್ ಬೌಲ್‌ನಲ್ಲಾ? (ಬೆಟಗೇರಿ, ಗದಗ)

ಉತ್ತರ: ಹೌದು. ಇಟಲಿಯ ಬಾಜ್ಜೋ ಪೆನಾಲ್ಟಿ ಮೇಲಕ್ಕೆ ಹೊಡೆದು ಬ್ರೆಜಿಲ್ ಗೆದ್ದದ್ದು ಅಲ್ಲೇ.

ಪ್ರಶ್ನೆ: ನಮ್ಮೂರ ಕಬಡ್ಡಿ ಟೂರ್ನಮೆಂಟಿನ ಖಜಾಂಚಿ ನಾನು. ಪೆಂಡಾಲು, ಊಟ, ಬಹುಮಾನ ಅಂತ ವಸೂಲಿ ಮಾಡುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಅಷ್ಟು ದೊಡ್ಡ ಪಂದ್ಯವನ್ನು ಅಲ್ಲಿ ನಡೆಸುವವರು ಯಾರು? ದುಡ್ಡು ಎಲ್ಲಿಂದ? (ಹಾವೇರಿ)

ಉತ್ತರ: ನಿಮ್ಮಂಥವರೇ ನಡೆಸುತ್ತಾರೆ ಅಣ್ಣಾ. ಇದು ನನಗೆ ತುಂಬಾ ಹಿಡಿಸುವ ಸಂಗತಿ. ಟೂರ್ನಮೆಂಟ್ ಆಫ್ ರೋಸಸ್ ಲಾಭಕ್ಕಾಗಿ ಇರುವ ಕಂಪನಿ ಅಲ್ಲ. ಸಂಬಳದ ಸಿಬ್ಬಂದಿ ಸ್ವಲ್ಪವೇ, ಉಳಿದ ಕೆಲಸ ನೂರಾರು ಸ್ವಯಂಸೇವಕರದು. ಬಿಳಿ ಸೂಟು ಹಾಕಿಕೊಂಡು ರಸ್ತೆ ಕಾಯುವುದು, ಬ್ಯಾಂಡಿನ ತಂಡಗಳಿಗೆ ದಾರಿ ತೋರಿಸುವುದು, ಆಟಗಾರರನ್ನು ನೋಡಿಕೊಳ್ಳುವುದು ಎಲ್ಲ ಅವರೇ. ಒಂದೊಂದು ಕೆಲಸಕ್ಕೆ ಒಂದೊಂದು ಕಮಿಟಿ. ಸ್ಟೇಡಿಯಂ ಪಾಸಡೇನಾ ನಗರದ ಆಸ್ತಿ. ವರ್ಷದ ಉಳಿದ ದಿನಗಳಲ್ಲೂ ಅದು ಖಾಲಿ ಇರುವುದಿಲ್ಲ, 1982ರಲ್ಲಿ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ಕಾಲೇಜು ತಂಡ ಅದನ್ನೇ ತವರು ಮೈದಾನ ಮಾಡಿಕೊಂಡಿತು.

ದುಡ್ಡು ಬರುವುದು ಮುಖ್ಯವಾಗಿ ಟಿ.ವಿ. ಹಕ್ಕಿನಿಂದ, ಆಮೇಲೆ ಪ್ರಾಯೋಜಕರಿಂದ, ಟಿಕೆಟ್‌ನಿಂದ. ತಂಡಗಳ ಪಾಲು ನೇರವಾಗಿ ಕಾಲೇಜಿಗೆ ಹೋಗುವುದಿಲ್ಲ. ಅಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಅನ್ನುವ ಗುಂಪುಗಳಲ್ಲಿ ಸೇರಿಕೊಂಡಿರುತ್ತವೆ. ಬೌಲ್ ಹಣ ಸಾಮಾನ್ಯವಾಗಿ ಆ ಗುಂಪಿಗೆ ಹೋಗಿ, ಅಲ್ಲಿಂದ ಹಂಚಿಕೆ ಆಗುತ್ತದೆ. ಕರೆ ಕೂಡ ಈಗ ಗುಂಪಿನ ಮೂಲಕವೇ: ಇಂಥ ಬೌಲ್‌ಗೆ ಇಂಥ ಗುಂಪಿನ ತಂಡ ಅಂತ ಮೊದಲೇ ಕರಾರು ಆಗಿರುತ್ತದೆ. ಹಿಂದೆ ಬೌಲ್ ಕಮಿಟಿಯವರು ಬಣ್ಣದ ಕೋಟು ತೊಟ್ಟುಕೊಂಡು ನವೆಂಬರ್ ಪೂರ್ತಿ ಊರೂರು ಸುತ್ತಿ ತಂಡ ನೋಡಿ ಬರುತ್ತಿದ್ದರು. ಅವರಿಗೆ ಬೇಕಾದದ್ದು ಬರೀ ಒಳ್ಳೆಯ ತಂಡ ಅಲ್ಲ, ಹಿಂದೆ ಜನ ಕಟ್ಟಿಕೊಂಡು ಬರುವ ತಂಡ. ಹೋಟೆಲ್ ತುಂಬಬೇಕಲ್ಲ.

ಒಂದು ಮಾತು ಹೇಳಲೇಬೇಕು. ಸಣ್ಣ ಬೌಲ್‌ಗಳಲ್ಲಿ ಕಾಲೇಜುಗಳೇ ಇಂತಿಷ್ಟು ಟಿಕೆಟ್ ಹೊತ್ತುಕೊಳ್ಳಬೇಕಾದ ಕರಾರು ಇರುತ್ತಿತ್ತು. ಮಾರಾಟವಾಗದಿದ್ದರೆ ನಷ್ಟ ಕಾಲೇಜಿನದು. ಹಾಗಾಗಿ ಬೌಲ್ ಆಡಿ ಕೈಯಿಂದ ಕಳೆದುಕೊಂಡ ಕಾಲೇಜುಗಳೂ ಇವೆ. ಹಬ್ಬ ಮಾಡುವವರು ಅತಿಥಿಯ ಜೇಬಿಗೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಎಲ್ಲರೂ ತಮ್ಮ ತಮ್ಮ ಹಬ್ಬದಲ್ಲಿ ಆಡಿದರೆ ಚಾಂಪಿಯನ್ ಯಾರು ಅಂತ ಹೇಗೆ ಗೊತ್ತಾಗುತ್ತದೆ? (ಪದವಿ ವಿದ್ಯಾರ್ಥಿ, ರಾಣೆಬೆನ್ನೂರು)

ಉತ್ತರ: ಬಹಳ ಕಾಲ ಗೊತ್ತಾಗುತ್ತಲೇ ಇರಲಿಲ್ಲ ತಮ್ಮಾ! ಕ್ರೀಡಾ ಪತ್ರಕರ್ತರು ಮತ ಹಾಕಿ ಪಟ್ಟಿ ಮಾಡುತ್ತಿದ್ದರು, ಆಮೇಲೆ ಕೋಚ್‌ಗಳೂ ಬೇರೆ ಪಟ್ಟಿ ಮಾಡಿದರು. 1997ರ ಸೀಸನ್ ನೋಡು. ಮಿಷಿಗನ್, ನೆಬ್ರಾಸ್ಕಾ ಎರಡೂ ಒಂದೂ ಪಂದ್ಯ ಸೋತಿರಲಿಲ್ಲ. ಮಿಷಿಗನ್ ಇದ್ದ ಬಿಗ್ ಟೆನ್ ಗುಂಪಿಗೂ ಪಶ್ಚಿಮ ತೀರದ ಗುಂಪಿಗೂ ರೋಸ್ ಬೌಲ್ ಜೊತೆ ಹಳೆಯ ಒಪ್ಪಂದ, 1947ರ ಪಂದ್ಯದಿಂದ ನಡೆದು ಬಂದದ್ದು. ಹಾಗಾಗಿ ಮಿಷಿಗನ್ ಅಲ್ಲಿ ಹೋಗಿ ಗೆದ್ದಿತು, ನೆಬ್ರಾಸ್ಕಾ ಆರೆಂಜ್ ಬೌಲ್‌ನಲ್ಲಿ ಗೆದ್ದಿತು. ಇಬ್ಬರೂ ಎದುರಾಗಲೇ ಇಲ್ಲ. ಪತ್ರಕರ್ತರು ಮಿಷಿಗನ್ ಅಂದರು, ಕೋಚ್‌ಗಳು ನೆಬ್ರಾಸ್ಕಾ ಅಂದರು.

ಮರುವರ್ಷವೇ, 1998ರಲ್ಲಿ, ಮೊದಲೆರಡು ತಂಡಗಳನ್ನು ಎದುರುಬದುರು ನಿಲ್ಲಿಸುವ ಏರ್ಪಾಡು ಬಂತು. 2014ರ ಸೀಸನ್ನಿನಿಂದ 4 ತಂಡಗಳ ಪ್ಲೇಆಫ್, 2024ರಿಂದ 12 ತಂಡಗಳು. ಈಗ ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಈ 6 ಬೌಲ್‌ಗಳೇ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಆಗಿ ಸರದಿಯಲ್ಲಿ ನಡೆಯುತ್ತವೆ. ಫೈನಲ್ ಬೇರೆಯೇ ಊರಿನಲ್ಲಿ. ಆಟಗಾರರ ದೃಷ್ಟಿಯಿಂದ ಇದೇ ನ್ಯಾಯ. ಆದರೆ ಯಾರು ಯಾರ ಮೇಲೆ ಆಡಬೇಕು ಅನ್ನುವುದು ಈಗ ಊರಿನ ಕೈಯಲ್ಲಿಲ್ಲ, ಪ್ಲೇಆಫ್ ಪಟ್ಟಿ ಹೇಳಿದ್ದೇ ಆಯಿತು. ಪಶ್ಚಿಮ ತೀರದ ಆ ಗುಂಪಂತೂ 2024ರಲ್ಲಿ ಒಡೆದೇ ಹೋಯಿತು, 12ರಲ್ಲಿ 10 ಕಾಲೇಜುಗಳು ಬಿಟ್ಟು ನಡೆದವು. ಟಿ.ವಿ. ದುಡ್ಡು ಅಲ್ಲಿ ಸಾಕಾಗಲಿಲ್ಲ. ಹಳೆಯ ಜೋಡಿ ಮುರಿದದ್ದು ನನಗಂತೂ ನೋವಿನ ಸಂಗತಿ.

ಪ್ರಶ್ನೆ: ನಾನು ಕಾಲೇಜು ವಾಲಿಬಾಲ್ ತಂಡದಲ್ಲಿದ್ದೇನೆ. ನಮಗೆ ಟಿ.ಎ., ಡಿ.ಎ. ಸಿಕ್ಕರೆ ಅದೇ ದೊಡ್ಡದು. ಇಷ್ಟೆಲ್ಲ ದುಡ್ಡಿನಲ್ಲಿ ಆಡುವ ಹುಡುಗರಿಗೆ ಏನು ಸಿಗುತ್ತದೆ ಅಕ್ಕಾ? (ಧಾರವಾಡ)

ಉತ್ತರ: ಸರಿಯಾದ ಪ್ರಶ್ನೆ ಕೇಳಿದಿ ತಂಗಿ. ದಶಕಗಳ ಕಾಲ ಸಿಕ್ಕಿದ್ದು ವಿದ್ಯಾರ್ಥಿವೇತನ, ಊಟ, ವಸತಿ, ಬೌಲ್ ಕಮಿಟಿಯ ಉಡುಗೊರೆ ಚೀಲ. ಇಷ್ಟೇ. ಕೋಚ್‌ಗಳು ಕೋಟಿಗಟ್ಟಲೆ ಎಣಿಸುವಾಗ ಹುಡುಗ ತನ್ನ ಅಂಗಿಯ ಮೇಲೆ ಸಹಿ ಹಾಕಿ ದುಡ್ಡು ತೆಗೆದುಕೊಂಡರೆ ಅಪರಾಧ. ಇದನ್ನು ನಾನು ಯಾವತ್ತೂ ಸರಿ ಅನ್ನಲಾರೆ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಲು ಬಿಟ್ಟರು. 2025ರಲ್ಲಿ ಕೋರ್ಟು ಒಪ್ಪಿದ ರಾಜಿಯ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಇನ್ನೊಂದು. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್ ತಂಡದ ಜೇಲನ್ ಸ್ಮಿತ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲ ಸುತ್ತಿನಲ್ಲೇ ಹೋಗಬೇಕಿದ್ದವನು ಎರಡನೇ ಸುತ್ತಿಗೆ ಜಾರಿದ, ದೊಡ್ಡ ಹಣ ಹೋಯಿತು. ಅದೇ ವರ್ಷದ ಕೊನೆಗೆ ಕ್ರಿಶ್ಚಿಯನ್ ಮ್ಯಾಕ್‌ಕ್ಯಾಫ್ರಿ, ಲಿಯೊನಾರ್ಡ್ ಫೋರ್ನೆಟ್ ಇಬ್ಬರೂ ನಾವು ಬೌಲ್ ಆಡುವುದಿಲ್ಲ ಅಂದುಬಿಟ್ಟರು. ಆಗ ಬೈದವರು ಬಹಳ ಜನ. ಈಗ ಅದು ಮಾಮೂಲು. ಸುಮ್ನೆ ಹಬ್ಬಕ್ಕಾಗಿ ಕಾಲು ಪಣಕ್ಕಿಡಬೇಕಾ ಅಂತ ಹುಡುಗ ಕೇಳಿದರೆ ನಮ್ಮ ಹತ್ತಿರ ಉತ್ತರ ಎಲ್ಲಿದೆ?

ಪ್ರಶ್ನೆ: ಯಾರೋ ಒಬ್ಬ ಉಲ್ಟಾ ದಿಕ್ಕಿಗೆ ಓಡಿದನಂತೆ, ನಿಜವೇ? (ಮುಳಗುಂದ, ಗದಗ)

ಉತ್ತರ: ನಿಜ. 1929ರ ರೋಸ್ ಬೌಲ್. ಕ್ಯಾಲಿಫೋರ್ನಿಯಾದ ರಾಯ್ ರೀಗಲ್ಸ್ ಬಿದ್ದ ಚೆಂಡು ಎತ್ತಿಕೊಂಡು, ಗೊಂದಲದಲ್ಲಿ ತಿರುಗಿ, ತಮ್ಮದೇ ಗೋಲಿನ ಕಡೆ 60 ಗಜಕ್ಕೂ ಜಾಸ್ತಿ ಓಡಿದ. ಅವನದೇ ತಂಡದ ಬೆನ್ನಿ ಲಾಮ್ ಬೆನ್ನಟ್ಟಿ ಹೋಗಿ ಗೆರೆಯ ಹತ್ತಿರ ಹಿಡಿದ. ಅದರ ಬೆನ್ನಿಗೇ ಎದುರಾಳಿ ಜಾರ್ಜಿಯಾ ಟೆಕ್‌ಗೆ 2 ಅಂಕ ಸಿಕ್ಕಿತು, ಪಂದ್ಯವನ್ನು ಅವರು ಗೆದ್ದದ್ದು 8-7ಕ್ಕೆ. ಬಿಡುವಿನಲ್ಲಿ ಆ ಹುಡುಗ ಮತ್ತೆ ಇಳಿಯಲಾರೆ ಅಂತ ಕುಗ್ಗಿ ಕೂತಿದ್ದ. ಕೋಚ್ ಎಬ್ಬಿಸಿ ಕಳಿಸಿದರು. ಉಳಿದರ್ಧ ಅವನು ಚೆನ್ನಾಗಿ ಆಡಿದ, ಎದುರಾಳಿಯ ಒಂದು ಒದೆತವನ್ನೂ ತಡೆದ. ಜನ ಈ ಭಾಗವನ್ನೂ ಹೇಳಬೇಕು.

ಪ್ರಶ್ನೆ: ಇಲ್ಲಿ ಕೂತು ನೋಡಬೇಕೆಂದರೆ ಎಷ್ಟು ಹೊತ್ತಿಗೆ? (ನವಲಗುಂದ)

ಉತ್ತರ: ಚಳಿಗಾಲದಲ್ಲಿ ಪಾಸಡೇನಾ ನಮಗಿಂತ ಹದಿಮೂರೂವರೆ ತಾಸು ಹಿಂದೆ. ರೋಸ್ ಬೌಲ್ ಪಂದ್ಯ ಅಲ್ಲಿ ಜನವರಿ 1ರ ಮಧ್ಯಾಹ್ನ, ಅಂದರೆ ನಮಗೆ 2ನೇ ತಾರೀಖಿನ ನಸುಕು. ಮೆರವಣಿಗೆ ಬೆಳಿಗ್ಗೆ 8ಕ್ಕೆ, ನಮಗೆ 1ರ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಮನೆಮಂದಿಯೆಲ್ಲ ನೋಡಬಹುದು. ಸ್ತಬ್ಧಚಿತ್ರದ ಮೇಲೆ ಕಾಣುವ ಪ್ರತಿ ಇಂಚನ್ನೂ ಹೂವು, ಎಲೆ, ಬೀಜ, ತೊಗಟೆಗಳಿಂದಲೇ ಮುಚ್ಚಬೇಕು ಅನ್ನುವುದು ಅಲ್ಲಿನ ನಿಯಮ. ಜನವರಿ 1 ಭಾನುವಾರ ಬಂದರೆ ಎರಡೂ ಸೋಮವಾರಕ್ಕೆ ಹೋಗುತ್ತವೆ. ಚರ್ಚಿನ ಮುಂದೆ ಕಟ್ಟಿದ ಕುದುರೆಗಳು ಮೆರವಣಿಗೆಗೆ ಬೆದರಬಾರದು ಅಂತ 1893ರಲ್ಲಿ ಮಾಡಿದ ಪದ್ಧತಿ ಅದು, ಈಗಲೂ ನಡೆಯುತ್ತಿದೆ. ಹಾಗಾಗಿ ಕ್ಯಾಲೆಂಡರ್ ನೋಡಿ ಅಲಾರಂ ಇಡಿ.