ಕಾಲಾ ಅಜಾರ್ ಬಂದವರ ಜೊತೆ ಒಂದೇ ಶೆಡ್ಡಿನಲ್ಲಿದ್ದರೆ ಅಂಟುತ್ತಾ?

ಮಾಲೂರಿನ ಹತ್ತಿರ ನಿಮ್ಮ ಇಟ್ಟಿಗೆ ಫ್ಯಾಕ್ಟರಿಯಲ್ಲಿ ಬಿಹಾರದ ಹುಡುಗನಿಗೆ ತಿಂಗಳಿಂದ ಜ್ವರ, ಡಾಕ್ಟರು ಕಾಲಾ ಅಜಾರ್ ಇರಬಹುದು ಅಂದಿದ್ದಾರೆ, ಉಳಿದವರಿಗೂ ಬರುತ್ತೆ ಅನ್ನೋ ಭಯಕ್ಕೆ ಅವನನ್ನು ಊರಿಗೆ ಕಳಿಸಿಬಿಡೋಣ್ವಾ ಅಂತ ಕೇಳಿದ್ದೀರಿ.

ದಯವಿಟ್ಟು ಕಳಿಸಬೇಡಿ. ನಾನು ಕೋಲಾರದಲ್ಲಿ ಲ್ಯಾಬ್ ಟೆಕ್ನೀಷಿಯನ್. ಕಾಲಾ ಅಜಾರ್ ಅಂದರೆ ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ ಮೈಯೊಳಗೆ ಸೇರಿ ಬರುವ ಜ್ವರದ ಕಾಯಿಲೆ. ಜೊತೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ, ಕೆಮ್ಮಿದರೆ ಈ ಕಾಯಿಲೆ ಅಂಟಲ್ಲ. ಆದರೆ ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ 95ಕ್ಕೂ ಹೆಚ್ಚು ಜನರ ಜೀವ ತೆಗೆಯುತ್ತದೆ. ರಕ್ತ ಕಡಿಮೆಯಾಗಿ ಸೊರಗಿರುವ ಹುಡುಗನನ್ನು ಅಷ್ಟು ದೂರದ ರೈಲಿಗೆ ಹತ್ತಿಸುವುದು ಸರಿಯಲ್ಲ.

ಇದನ್ನು ಹರಡುವುದು ಮರಳು ನೊಣ. ಎಳ್ಳುಕಾಳಿನಷ್ಟು ಚಿಕ್ಕದು, ಮೈತುಂಬ ಕೂದಲು, ಸದ್ದೇ ಮಾಡಲ್ಲ. ಕುಪ್ಪಳಿಸಿಕೊಂಡು ಸ್ವಲ್ಪ ದೂರ ಮಾತ್ರ ಹಾರುತ್ತದೆ. ರೋಗಿಯ ರಕ್ತ ಕುಡಿದ ಹೆಣ್ಣು ನೊಣದ ಹೊಟ್ಟೆಯಲ್ಲಿ ಪರಾವಲಂಬಿ ಕೆಲವು ದಿನ ಬೆಳೆಯಬೇಕು. ಆಮೇಲಷ್ಟೇ ಅದು ಕಚ್ಚಿದಾಗ ಇನ್ನೊಬ್ಬರಿಗೆ ಹೋಗುತ್ತದೆ. ಇದು ಸೊಳ್ಳೆಯ ಹಾಗೆ ನೀರಿನಲ್ಲಿ ಮೊಟ್ಟೆ ಇಡಲ್ಲ. ದನದ ಕೊಟ್ಟಿಗೆಯ ತೇವದ ಮಣ್ಣು, ಸಗಣಿ, ಮಣ್ಣುಗೋಡೆಯ ಬಿರುಕು ಇದಕ್ಕೆ ಬೇಕು. ಹಾಗಾಗಿ ಸುಮ್ನೆ ತೊಟ್ಟಿ ಖಾಲಿ ಮಾಡಿಸಿದರೆ ಪ್ರಯೋಜನವಿಲ್ಲ. ಶೆಡ್ಡಿನ ಬಿರುಕು ಮುಚ್ಚಿಸಿ, ಹಸುಗಳನ್ನು ಮಲಗುವ ಜಾಗದಿಂದ ದೂರ ಕಟ್ಟಿಸಿ.

ನಮ್ಮ ದೇಶದಲ್ಲಿ ಕಾಯಿಲೆ ಬೇರೂರಿರುವುದು ಬಿಹಾರ, ಜಾರ್ಖಂಡ, ಪಶ್ಚಿಮ ಬಂಗಾಳ, ಪೂರ್ವ ಉತ್ತರ ಪ್ರದೇಶದಲ್ಲಿ. ನೊಣ ಮಾತ್ರ ದಕ್ಷಿಣದಲ್ಲೂ ಇದೆ. ಅದಕ್ಕೇ ಚಿಕಿತ್ಸೆ ಮುಗಿಯುವವರೆಗೆ ಹುಡುಗನನ್ನು ಔಷಧಿ ಲೇಪಿಸಿದ ಪರದೆಯೊಳಗೆ ಮಲಗಿಸಿ. ಮಾಮೂಲಿ ಸೊಳ್ಳೆ ಪರದೆಯ ತೂತಿನಲ್ಲಿ ಈ ನೊಣ ನುಸುಳುತ್ತದೆ.

ಈಗ ಪತ್ತೆಯ ವಿಷಯ. ನಮ್ಮ ಕಡೆ ಉದ್ದಕ್ಕೂ ಬಿಡದ ಜ್ವರ ಅಂದರೆ ಟೈಫಾಯ್ಡ್, ಮಲೇರಿಯಾ, ಡೆಂಗ್ಯೂ, ಟಿಬಿ ನೋಡುತ್ತಾರೆ. ಅದು ತಪ್ಪಲ್ಲ, ನೋಡಲೇಬೇಕು. ಆದರೆ ಕಾಲಾ ಅಜಾರ್ ನೆನಪಿಗೆ ಬರುವುದು ರೋಗಿಯ ಊರು ಗೊತ್ತಾದಾಗ ಮಾತ್ರ. ಚೀಟಿಯಲ್ಲಿ ಮಾಲೂರು ಅಂತ ಬರೆಸಿದರೆ ಯಾರಿಗೆ ಹೊಳೆಯಬೇಕು ಹೇಳಿ! ನಿಮ್ಮ ಡಾಕ್ಟರು ಊರು ಕೇಳಿ ಯೋಚಿಸಿದ್ದಾರೆ, ನಿಜಕ್ಕೂ ದೊಡ್ಡ ಕೆಲಸ. ಮುಂದೆ ಎಲ್ಲಿಗೆ ಹೋದರೂ ಅವನ ಜಿಲ್ಲೆ ಯಾವುದು ಅಂತ ಮೊದಲು ಹೇಳಿ. ಬಿಹಾರದ ಸಾರಣ್, ಸಿವಾನ್, ಜಾರ್ಖಂಡದ ದುಮ್ಕಾ, ಪಾಕುಡ್ ಅಂಥ ಹೆಸರು ಕೇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಬಂದು ನಾಲ್ಕೈದು ತಿಂಗಳಾಯಿತಲ್ಲ ಅನ್ನಬೇಡಿ. ನೊಣ ಕಚ್ಚಿ ಸಾಮಾನ್ಯವಾಗಿ 2ರಿಂದ 6 ತಿಂಗಳ ಮೇಲೆ ಜ್ವರ ಶುರುವಾಗುತ್ತದೆ.

ಎರಡು ವಾರ ದಾಟಿದ ಜ್ವರ, ಎಡಪಕ್ಕೆ ಕೆಳಗೆ ಗುಲ್ಮ ದಪ್ಪ, ತೂಕ ಇಳಿಕೆ, ಬಿಳಿಚಿದ ಮುಖ ಇದ್ದರೆ ಮೊದಲು ಆರ್‌ಕೆ39 ಅನ್ನೋ ಪಟ್ಟಿ ಪರೀಕ್ಷೆ, ಅಂದರೆ ಸಣ್ಣ ಸ್ಟ್ರಿಪ್ ಮೇಲೆ ರಕ್ತ ಹಾಕಿ ಈ ಕಾಯಿಲೆಯ ಪ್ರತಿಕಾಯ ಇದೆಯಾ ಅಂತ ನೋಡುವುದು. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರ: ಹಿಂದೆ ಈ ಕಾಯಿಲೆ ಬಂದು ವಾಸಿಯಾದವರಲ್ಲೂ ಪಟ್ಟಿ ವರ್ಷಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಮೊದಲು ಬಂದಿತ್ತಾ ಅಂತ ಅವನನ್ನೇ ಕೇಳಿ. ಎಚ್‌ಐವಿ ಇದ್ದರೆ ನೆಗೆಟಿವ್ ಬಂದರೂ ನಂಬುವ ಹಾಗಿಲ್ಲ. ಅಂಥ ಕಡೆ ಮೂಳೆ ಮಜ್ಜೆ ಅಥವಾ ಗುಲ್ಮದಿಂದ ಮಾದರಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಗುಲ್ಮಕ್ಕೆ ಸೂಜಿ ಹಾಕಿದರೆ ರಕ್ತಸ್ರಾವದ ಅಪಾಯವಿದೆ, ಅದು ಅನುಭವಿಗಳ ಕೆಲಸ. 1903ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲೇ ಚಾರ್ಲ್ಸ್ ಡೊನೊವನ್ ಅನ್ನೋ ವೈದ್ಯರು ರೋಗಿಯ ಗುಲ್ಮದಲ್ಲಿ ಈ ಪರಾವಲಂಬಿಯನ್ನು ಕಂಡಿದ್ದರು. ಇವತ್ತಿಗೂ ಅದನ್ನು ಕಣ್ಣಾರೆ ಕಂಡರೆ ಪೂರ್ತಿ ಖಚಿತ.

ಆರ್‌ಕೆ39 ಪಟ್ಟಿ ಎಲ್ಲ ಲ್ಯಾಬಿನಲ್ಲೂ ಇರಲ್ಲ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜಿಲ್ಲೆಯ ರೋಗವಾಹಕ ಆಶ್ರಿತ ರೋಗಗಳ (ಸೊಳ್ಳೆ, ನೊಣದಂಥ ಕೀಟಗಳಿಂದ ಹರಡುವ ರೋಗಗಳ) ನಿಯಂತ್ರಣಾಧಿಕಾರಿಗೂ ತಿಳಿಸಿ. ಕಾಯಿಲೆ ಖಚಿತವಾದರೆ ಲೈಪೋಸೋಮಲ್ ಆಂಫೊಟೆರಿಸಿನ್ ಬಿ ಅನ್ನೋ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಭಾರತದಲ್ಲಿ ಹೆಚ್ಚಿನವರಿಗೆ ಒಂದೇ ಡೋಸ್ ಸಾಕಾಗುತ್ತದೆ.

ವಾಸಿಯಾದ ಮೇಲೂ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದು ಮುಖ, ಮೈಮೇಲೆ ಬಿಳಿಚಿದ ಮಚ್ಚೆ, ಗಂಟು ಬರುತ್ತವೆ. ಕುಷ್ಠ ಅಂದುಕೊಳ್ಳುವವರು ಜಾಸ್ತಿ. ನೋವಿಲ್ಲದ್ದರಿಂದ ಆಸ್ಪತ್ರೆಗೆ ಹೋಗಲ್ಲ, ಆದರೆ ಆ ಚರ್ಮದಿಂದಲೂ ನೊಣ ಪರಾವಲಂಬಿಯನ್ನು ಎತ್ತಿಕೊಳ್ಳುತ್ತದೆ. ಹುಡುಗನಿಗೆ ಈಗಲೇ ಇದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿ, ಡಿಸ್ಚಾರ್ಜ್ ಚೀಟಿ ಅವನ ಕೈಗೇ ಕೊಡಿ.