ಸಂಪಾದಕರ ಉತ್ತರ: ಮಗಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ

ಜಗಳೂರು ತಾಲ್ಲೂಕಿನ ತಾಯಿಯೊಬ್ಬರು ಬರೆದ ಕಾಗದಕ್ಕೆ ಇದು ಉತ್ತರ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮೂರು ಪುಟದ ಕಾಗದದಲ್ಲಿ ಮುಖ್ಯವಾದ ಮಾತು ಇಷ್ಟು:

"ಮಗಳಿಗೆ ಮೊದಲು ಇರುಳುಗಣ್ಣು ಅಂದರು. ಈಗ ಹಗಲಲ್ಲೂ ಅಕ್ಕಪಕ್ಕದ್ದು ಕಾಣಲ್ಲ, ಪುಸ್ತಕದ ಅಕ್ಷರ ಹಿಡಿಯಲ್ಲ. ಪಾಠ ರೆಕಾರ್ಡ್ ಮಾಡಿಕೊಂಡು, ಕೇಳಿ ಕೇಳಿ ಓದ್ತಾಳೆ. ದಾವಣಗೆರೆಯಲ್ಲಿ ಬಿ.ಕಾಂ. ಕೊನೆಯ ವರ್ಷ. ದಿನಾ ನಾನೇ ಬಸ್ಸಲ್ಲಿ ಬಂದು ಕಾಲೇಜಿನ ಗೇಟಿನ ತನಕ ಬಿಟ್ಟು ಹೋಗ್ತೀನಿ. ಕಳೆದ ತಿಂಗಳು ಕಾಲೇಜಿಗೆ ಕಂಪನಿಯವರು ಬಂದಿದ್ದರು. ಇವಳ ಹೆಸರನ್ನೇ ಕೊಡಲಿಲ್ಲ. ಕೇಳಿದ್ದಕ್ಕೆ, ಅಲ್ಲಿ ಹೋಗಿ ಬೇಜಾರು ಮಾಡ್ಕೊಳ್ಳೋದು ಯಾಕಮ್ಮ ಅಂದರಂತೆ. ಓದಿಸಿ ಓದಿಸಿ ಅಂತ ಎಲ್ಲರೂ ಹೇಳಿದರು, ಓದಿಸಿದ್ವಿ. ಮುಂದೆ ಯಾರನ್ನು ಕೇಳಬೇಕು? ಕೆಲಸಕ್ಕೆ ಸೇರಿದರೆ ಮಾಸಾಶನ ನಿಂತುಹೋಗುತ್ತೆ ಅಂತ ಬೇರೆ ಹೇಳ್ತಾರೆ."

ಅಕ್ಕ, ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನಾಲ್ಕು ಜನರನ್ನು ಕೇಳಿ, ಒಂದೆರಡು ಕಡೆ ಹೋಗಿ ನೋಡಿಕೊಂಡು ಬರೆಯೋಣ ಅಂತ ತಡ ಮಾಡಿದೆ.

ಮೊದಲು ಆ ಪಟ್ಟಿಯ ವಿಷಯ. ಹೆಸರು ಬಿಟ್ಟಿದ್ದು ತಪ್ಪು. ಕೆಟ್ಟ ಮನಸ್ಸಿನಿಂದ ಬಿಟ್ಟಿರಲಿಕ್ಕಿಲ್ಲ, ಕನಿಕರದಿಂದಲೇ ಬಿಟ್ಟಿರಬಹುದು. ಆದರೂ ತಪ್ಪೇ. ಬೇಡ ಅನ್ನುವುದಿದ್ದರೆ ಕಂಪನಿಯವರು ಅನ್ನಲಿ, ಅದೂ ಅವಳನ್ನು ಮಾತಾಡಿಸಿದ ಮೇಲೆ. ಮುಂದಿನ ಸಲ ಕಂಪನಿ ಬರುವ ಮೊದಲೇ ಮಗಳ ಕೈಯಲ್ಲಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಕೊಡಿಸಿ. "ನನ್ನ ಹೆಸರನ್ನೂ ಸೇರಿಸಿ" ಅಂತ ಎರಡು ಸಾಲು ಸಾಕು. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆಗಲೂ ಬಿಟ್ಟರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಬರೆಯಬಹುದು. ಅಷ್ಟು ದೂರ ಹೋಗಬೇಕಾಗಿ ಬರುವುದಿಲ್ಲ ಅಂದುಕೊಂಡಿದ್ದೇನೆ. ಬರವಣಿಗೆಯಲ್ಲಿ ಕೇಳಿದರೆ ಬಹಳ ಕಡೆ ಅಲ್ಲಿಗೇ ಮುಗಿಯುತ್ತದೆ.

2016ರಲ್ಲಿ ಆದ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ಕ್ಕೆ ಕಡಿಮೆ ಇಲ್ಲದಂತೆ ಸೀಟು ಮೀಸಲಿಡಬೇಕು. ಸರ್ಕಾರಿ ಹುದ್ದೆಗಳಲ್ಲಿ ಶೇ 4, ಅದರಲ್ಲಿ ಶೇ 1 ಕಣ್ಣಿನ ತೊಂದರೆ ಇರುವವರಿಗೆ. ಅಂದರೆ ಕಾಲೇಜಿನ ಬಾಗಿಲಲ್ಲಿ ಒಂದು ನಿಯಮ ಇದೆ, ಕಚೇರಿಯ ಬಾಗಿಲಲ್ಲಿ ಇನ್ನೊಂದು ಇದೆ. ನಿಮ್ಮ ಮಗಳು ಸಿಕ್ಕಿಕೊಂಡಿರುವುದು ಇವೆರಡರ ನಡುವೆ. ಕಾಲೇಜಿನವರು ಪದವಿ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕೆಲಸ ಕೊಡುವವರು ಎಲ್ಲ ಕಲಿತೇ ಬರಲಿ ಅಂತಾರೆ. ನಡುವಿನ ದಾರಿಯಲ್ಲಿ ಕೈ ಹಿಡಿಯುವುದು ಯಾರ ಕೆಲಸ ಅಂತ ಯಾರೂ ಹೇಳಿಲ್ಲ. ಅದಕ್ಕೇ ಫಲಿತಾಂಶ ಬರಲಿ ಅಂತ ಕಾಯಬೇಡಿ. ಈಗಲೇ, ಕಾಲೇಜಿನಲ್ಲಿ ಇರುವಾಗಲೇ ಶುರು ಮಾಡಬೇಕು.

ಏನು ಶುರು ಮಾಡಬೇಕು? ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ದಾವಣಗೆರೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬನಿದ್ದಾನೆ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಹೋದ ವಾರ ಅವನ ಪಕ್ಕದಲ್ಲಿ ಒಂದು ಗಂಟೆ ಕೂತಿದ್ದೆ. ಹಳೆಯ ಕಂಪ್ಯೂಟರ್. ಅದರಲ್ಲಿ ಎನ್‌ವಿಡಿಎ ಅನ್ನುವ ತಂತ್ರಾಂಶ ಹಾಕಿಕೊಂಡಿದ್ದಾನೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ದುಡ್ಡು ಕೊಡಬೇಕಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನುವವರು 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ನನಗೂ ಕೇಳಿಸಲಿ ಅಂತ ಹುಡುಗ ಇಯರ್‌ಫೋನ್ ತೆಗೆದ. ಭಟ್ಟಿಯಲ್ಲಿ ಮಂಡಕ್ಕಿ ಸಿಡಿದ ಹಾಗೆ ಪಟಪಟ ಅಂತ ಶಬ್ದ ಬಂತು, ಒಂದು ಮಾತೂ ತಿಳಿಯಲಿಲ್ಲ. "ಇದು ನಿಧಾನ ಸರ್, ನಿಮಗೋಸ್ಕರ ಕಮ್ಮಿ ಮಾಡಿದೀನಿ" ಅಂದ. ಮೌಸ್ ಮುಟ್ಟಲೇ ಇಲ್ಲ. ಎಕ್ಸೆಲ್ ಹಾಳೆಯಲ್ಲಿ ಬಾಣದ ಗುಂಡಿ ಒತ್ತುತ್ತಾ ಹೋದ. ಒಂದು ಕಡೆ ನಿಂತು ಎರಡು ಸಾಲು ಹಿಂದೆ ಬಂದ. ಒಂದೇ ಬಿಲ್ ಎರಡು ಸಲ ಏರಿತ್ತು. ಒಂದನ್ನು ಅಳಿಸಿದ.

ಕೈಬರಹದ ಬಿಲ್ ಅವನಿಗೆ ಓದಲು ಆಗುವುದಿಲ್ಲ. ಅದಕ್ಕೆ ಬೆಳಗ್ಗೆ ಅರ್ಧ ಗಂಟೆ ಅಂಗಡಿಯ ಇನ್ನೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳುತ್ತಾರೆ, ಇವನು ಏರಿಸುತ್ತಾನೆ. ಅಂಗಡಿಯವರು ಮಾಡಿಕೊಟ್ಟ ಅನುಕೂಲ ಇಷ್ಟೇ. ಕಾಯ್ದೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಅಂಗಡಿಯವರಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರು ಸುಮ್ನೆ ಕೇಳಿದರಂತೆ: "ನಿನಗೆ ಏನು ಬೇಕಪ್ಪಾ?" ಹುಡುಗನ ಹತ್ತಿರ ಉತ್ತರ ಸಿದ್ಧವಿತ್ತು.

ಅಕ್ಕ, ನಿಮ್ಮ ಮಗಳು ಕಲಿಯಬೇಕಾದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಉತ್ತರ. ಸಂದರ್ಶನದಲ್ಲಿ "ನೀನು ಹೇಗಮ್ಮ ಕೆಲಸ ಮಾಡ್ತೀಯ?" ಅಂತ ಕೇಳೇ ಕೇಳುತ್ತಾರೆ. ಕಾಯಿಲೆಯ ಹೆಸರು, ಆಸ್ಪತ್ರೆಯ ಕತೆ ಅಲ್ಲಿ ಬೇಡ. "ಕಂಪ್ಯೂಟರಿನಲ್ಲಿ ಇದ್ದದ್ದನ್ನು ಕೇಳಿಸಿಕೊಂಡು ಓದುತ್ತೇನೆ. ಎಕ್ಸೆಲ್ ಬರುತ್ತದೆ, ಕನ್ನಡ ಇಂಗ್ಲಿಷ್ ಎರಡೂ ಟೈಪ್ ಮಾಡುತ್ತೇನೆ. ಕೈಬರಹ ಮಾತ್ರ ಯಾರಾದರೂ ಓದಿ ಹೇಳಬೇಕು" ಅಂತ ಅವಳು ಅಳುಕದೆ ಹೇಳಬೇಕು. ಮನೆಯಲ್ಲಿ ಹತ್ತು ಸಲ ಹೇಳಿಸಿ. ಜೊತೆಗೆ ಅದು ನಿಜವೂ ಆಗಿರಬೇಕು, ಅಲ್ವಾ? ಈಗ ಪಾಠ ರೆಕಾರ್ಡ್ ಮಾಡಿ ಕೇಳುತ್ತಾಳೆ ಅಂದಿದ್ದೀರಿ. ಪರೀಕ್ಷೆಗೆ ಅದು ಸಾಕು, ಕಚೇರಿಗೆ ಸಾಲದು. ಈ ಆರು ತಿಂಗಳು ದಿನಕ್ಕೆ ಒಂದು ಗಂಟೆ ಎನ್‌ವಿಡಿಎ ಹಾಕಿಕೊಂಡು ಎಕ್ಸೆಲ್ ಕಲಿಯಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಹಾಕಿಕೊಡಿ ಅಂತ ಕೇಳಲಿ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ, ಇವತ್ತೇ ಶುರು ಮಾಡಬಹುದು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಆ ಹುಡುಗನಿಗೆ ನಮ್ಮ ಪತ್ರಿಕೆಯ ಒಂದು ಲೇಖನ ಕಳಿಸಿದ್ದೆ. ತೆರೆದ. ಕಂಪ್ಯೂಟರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಗ್ಗತೊಡಗಿತು. ನಾವು ಇನ್ನೂ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಬರೆಯುತ್ತಿದ್ದೆವು. ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಎಲ್ಲ ಕಂಪ್ಯೂಟರಿಗೂ ಕನ್ನಡವಾಗಿಯೇ ತಿಳಿಯುವ ಯೂನಿಕೋಡ್ ಅಕ್ಷರ ಆಗಿದ್ದರೆ ಓದುತ್ತಿತ್ತು. ನಮ್ಮ ಕಡೆಯ ಎಷ್ಟೋ ಕಾಲೇಜಿನ ನೋಟ್ಸು, ಕಚೇರಿಯ ಸುತ್ತೋಲೆಗಳ ಪಾಡೂ ಇದೇ. ಕಾಗದವನ್ನು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೂ ಅಷ್ಟೇ. ಕೆಲಸದ ಜಾಹೀರಾತು ಗುಂಪಿನಲ್ಲಿ ಬಂದಿರುತ್ತದೆ, ನಿಮ್ಮ ಮಗಳ ಪಾಲಿಗೆ ಬಂದೇ ಇರುವುದಿಲ್ಲ. ಉಪನ್ಯಾಸಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ನೋಟ್ಸ್ ಯೂನಿಕೋಡಿನಲ್ಲಿ ಕೊಡಿ. ನಾವು ಈ ಸಂಚಿಕೆಯಿಂದ ಬದಲಾಯಿಸಿದ್ದೇವೆ.

ಇನ್ನು ನಿಮಗೆ ಸ್ವಲ್ಪ ಕಷ್ಟ ಅನಿಸುವ ಮಾತು. ದಿನಾ ಗೇಟಿನ ತನಕ ಬಿಡುತ್ತೀರಿ. ಮೂರು ವರ್ಷ ಹಾಗೆ ಬಂದು ಹೋಗುವುದು ಸಣ್ಣ ಮಾತಲ್ಲ, ಅದನ್ನು ಓದುವಾಗ ನನಗೆ ನನ್ನ ಅವ್ವ ನೆನಪಾದಳು. ಆದರೆ ಕೆಲಸಕ್ಕೆ ಸೇರಿದ ಮೇಲೆ ಹಾಗೆ ಆಗುವುದಿಲ್ಲ. ಬಿಳಿ ಕೋಲು ಹಿಡಿಯಲು ಅವಳು ಒಪ್ಪುವುದಿಲ್ಲ, ಜನ ನೋಡ್ತಾರೆ ಅಂತಾಳೆ ಅಂತಲೂ ಬರೆದಿದ್ದೀರಿ. ಇರುಳುಗಣ್ಣಿನವರಿಗೆ ಕತ್ತಲಾದ ಮೇಲೆ ಕೋಲು ಬೇಕೇ ಬೇಕು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕಚೇರಿ ಬಿಡುವುದೂ ಅದೇ ಹೊತ್ತಿಗೆ. ಹಾಗಾಗಿ ಬೆಳಗ್ಗೆ ಅರ್ಧ ಗಂಟೆ ಬೇಗ ಬಂದು ಸಂಜೆ ಬೇಗ ಹೊರಡಲು ಬಿಡಿ ಅಂತ ಸೇರುವಾಗಲೇ ಕೇಳಬಹುದು. ಕೋಲು ಹಿಡಿದು ನಡೆಯುವುದಕ್ಕೂ ಕ್ರಮವಾದ ತರಬೇತಿ ಇರುತ್ತದೆ. ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಜನ ಸಿಆರ್‌ಸಿ ಅನ್ನುತ್ತಾರೆ. ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗಿ, ತರಬೇತಿಯ ವಿಷಯ ವಿಚಾರಿಸಿ. ಬಸ್ಸಿನ ಖರ್ಚಿನ ಚಿಂತೆ ಹೇಗೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಮೊದಲ ವಾರ ನೀವು ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿರಿ. ಮಾತಾಡಿಸಬೇಡಿ. ಅವಳೇ ಇಳಿಯಲಿ, ಅವಳೇ ರಸ್ತೆ ದಾಟಲಿ.

ಮಾಸಾಶನದ ವಿಷಯ. ನಿಮ್ಮ ಹೆದರಿಕೆಯಲ್ಲಿ ಅರ್ಥವಿದೆ. ಅದಕ್ಕೆ ಆದಾಯದ ಮಿತಿ ಇದೆ, ಸಂಬಳ ಬಂದರೆ ನಿಲ್ಲಬಹುದು. ನಾಡಕಚೇರಿಯಲ್ಲಿ ಸರಿಯಾಗಿ ಕೇಳಿಕೊಳ್ಳಿ. ಆದರೆ ಅದಕ್ಕೋಸ್ಕರ ಕೆಲಸ ಬೇಡ ಅನ್ನಬೇಡಿ. ಸಂಬಳ ವರ್ಷ ವರ್ಷಕ್ಕೆ ಏರುತ್ತದೆ, ಪಿಎಫ್ ಸೇರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಮಗಳು ನಾಲ್ಕು ಜನರ ನಡುವೆ ಇರುತ್ತಾಳೆ.

ಮಗಳ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಯಾವ ಬಣ್ಣದ್ದು ಅಂತ ನೀವು ಬರೆದಿಲ್ಲ. ಅಂಗವೈಕಲ್ಯ ಶೇ 40ರಿಂದ 80ರ ಒಳಗೆ ಇದ್ದರೆ ಹಳದಿ, 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ. ಮೀಸಲಾತಿಗೆ ಕನಿಷ್ಠ 40 ಬೇಕು. ಕಾರ್ಡ್ ಮಾಡಿಸಿದ ಮೇಲೆ ದೃಷ್ಟಿ ಇನ್ನೂ ಇಳಿದಿದ್ದರೆ ಮತ್ತೆ ತಪಾಸಣೆ ಮಾಡಿಸಿ. ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಇಲ್ಲವೇ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯೂ ಅವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಬಿ.ಕಾಂ. ಆದವರಿಗೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಒಳ್ಳೆಯ ದಾರಿ. ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನೋಡಿಕೊಳ್ಳುವ ಐಬಿಪಿಎಸ್ ಸಂಸ್ಥೆ ನಡೆಸುತ್ತದೆ, ಕನ್ನಡದಲ್ಲೂ ಬರೆಯಬಹುದು. ಅಂಗವಿಕಲರಿಗೆ ವಯಸ್ಸಿನಲ್ಲಿ 10 ವರ್ಷ ರಿಯಾಯಿತಿ ಇದೆ. ಬರೆಯುವ ಸಹಾಯಕರು ಬೇಕಾದವರಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಖಾಸಗಿ ಕಡೆ ಹೋದರೆ, 20 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಯಲ್ಲಿ ಸಮಾನ ಅವಕಾಶದ ನೀತಿ ಅಂತ ಒಂದು ಇರಲೇಬೇಕು, ಅದನ್ನು ಕೇಳಿ ನೋಡಲಿ. ಬೆಂಗಳೂರಿಗೆ ಹೋಗುವ ಮನಸ್ಸಿದ್ದರೆ ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳು ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವುದನ್ನು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಮಾಡುತ್ತಿವೆ.

ಕಣ್ಣು ಕಾಣದವಳು ಆಫೀಸಲ್ಲಿ ಏನು ಮಾಡ್ತಾಳೆ ಅಂತ ನಿಮ್ಮ ಓಣಿಯವರು ಕೇಳಿದ್ದು ನಿಮಗೆ ನೋವಾಗಿದೆ. ಅವರಿಗೆ ಇದನ್ನು ಹೇಳಿ: 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ಕಣ್ಣು ಕಾಣುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ಹೊರಗಿಡುವಂತಿಲ್ಲ ಅಂತ ತೀರ್ಪು ಕೊಟ್ಟಿದೆ. ತೀರ್ಪು ಬರೆಯುವ ಕುರ್ಚಿಯಲ್ಲಿ ಕೂರಬಹುದಾದರೆ ಲೆಕ್ಕ ಬರೆಯುವ ಕುರ್ಚಿಯಲ್ಲಿ ಯಾಕೆ ಕೂರಬಾರದು?

ಕೊನೆಗೆ ನಮ್ಮದೊಂದು ಮಾತು. ನಮ್ಮ ಚಂದಾದಾರರ ಪಟ್ಟಿ ಎಕ್ಸೆಲ್‌ನಲ್ಲಿದೆ. ವಿಳಾಸ ಬದಲಾದವರು, ಚಂದಾ ಮುಗಿದವರು, ಎರಡು ಸಲ ಸೇರಿದವರು ಎಲ್ಲ ಅದರಲ್ಲೇ ಇದ್ದಾರೆ. ಸರಿ ಮಾಡಲು ಕೂತು ಕೆಲಸ ಮಾಡುವವರು ಬೇಕು. ಪರೀಕ್ಷೆ ಮುಗಿದ ಮೇಲೆ ನಿಮ್ಮ ಮಗಳು ಎರಡು ತಿಂಗಳು ಬರಲಿ. ಸಂಬಳ ಕೊಡುತ್ತೇವೆ, ಮುಗಿದ ಮೇಲೆ ಮಾಡಿದ ಕೆಲಸಕ್ಕೆ ಪತ್ರವನ್ನೂ ಕೊಡುತ್ತೇವೆ. ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಸಿ ಇಟ್ಟಿದ್ದೇನೆ. ನಮ್ಮ ಮೆಟ್ಟಿಲಿನ ಹತ್ತಿರ ಬೆಳಕು ಕಡಿಮೆ ಇತ್ತು, ನಿನ್ನೆ ಟ್ಯೂಬ್‌ಲೈಟ್ ಹಾಕಿಸಿದೆವು. ಮೊದಲ ದಿನ ಬಸ್‌ಸ್ಟ್ಯಾಂಡಿಗೆ ನಾನೇ ಬಂದಿರುತ್ತೇನೆ. ಎರಡನೆಯ ದಿನದಿಂದ ಅವಳೇ ಬರಲಿ.

ಇಂತಿ ನಿಮ್ಮ,
ಸಂಪಾದಕ